ಪೆಟ್ಟಿಗೆಯ ಅಳತೆ

ಕಂಪ್ಯೂಟರಿನ ವಿಷಯವಾಗಿ ಈ ಪುಟದಲ್ಲಿ ನಾನು ಬರೆದದ್ದು ಕಡಿಮೆ. ನನ್ನದು ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರ ಜೀವನ; ಬಿ.ಎಡ್. ಓದುವಾಗ ನಮಗೆ ಕಲಿಸಿದ ಅತ್ಯಾಧುನಿಕ ಬೋಧನೋಪಕರಣವೆಂದರೆ ಸ್ಲೈಡ್ ಪ್ರೊಜೆಕ್ಟರ್. ಆದರೆ ನೌಕರಿಯ ಕೊನೆಯ ಹನ್ನೊಂದು ವರ್ಷ ಪಾಠದ ಜೊತೆಗೆ ಶಾಲೆಯ ಕಂಪ್ಯೂಟರ್ ಕೊಠಡಿಯ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿತ್ತೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆಗಿನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ದೊಡ್ಡ ಸಂಸ್ಥೆಗಳ ಜಾಲ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅವರಲ್ಲೊಬ್ಬ ಇತ್ತೀಚೆಗೆ ಕೇಳಿದ: "ಸರ್, ಒಬ್ಬೊಬ್ಬ ಬಳಕೆದಾರನಿಗೆ ಎಷ್ಟು ಜಾಗ ಕೊಡಬೇಕು ಅನ್ನೋದೇ ನಮ್ಮಲ್ಲಿ ದಿನವೂ ಜಗಳ. ನೀವು ಆಗ ಅದನ್ನು ಹೇಗೆ ತೀರ್ಮಾನ ಮಾಡಿದ್ರಿ?" ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಗಂಧವಿಲ್ಲದ ನಮ್ಮ ನೆಂಟರಿಷ್ಟರಿಗೂ ಅರ್ಥವಾಗುವಂತೆ ಹೇಳಲು ಪ್ರಯತ್ನಿಸುತ್ತೇನೆ.

2005ರಲ್ಲಿ ಹಳೆಯ ವಿದ್ಯಾರ್ಥಿಗಳ ಉದಾರತೆಯಿಂದ ಶಾಲೆಗೆ ಇಪ್ಪತ್ತು ಕಂಪ್ಯೂಟರುಗಳೂ ಒಂದು ಸರ್ವರೂ ಬಂದವು. ಇಪ್ಪತ್ತರಲ್ಲಿ ವಿಂಡೋಸ್ ಎಕ್ಸ್‌ಪಿ, ಸರ್ವರಿನಲ್ಲಿ ವಿಂಡೋಸ್ ಸರ್ವರ್ 2003. ಎಂಟರಿಂದ ಹತ್ತನೆಯ ತರಗತಿಯವರೆಗಿನ 360 ಮಕ್ಕಳಿಗೂ ಒಂದೊಂದು ಹೆಸರು, ಒಂದೊಂದು ಗುಟ್ಟಿನ ಪದ. ಮಕ್ಕಳಿಗೆ ಅದೊಂದು ದೊಡ್ಡ ಸಂಭ್ರಮ. ಮನೆಯಲ್ಲಿ ತನ್ನದೇ ಎಂಬ ಒಂದು ಗೂಡು ಕೂಡ ಇಲ್ಲದ ಮಗುವಿಗೆ ಇಲ್ಲಿ ತನ್ನ ಹೆಸರಿನದೊಂದು ಜಾಗವಿತ್ತು.

ಆ ಜಾಗದ ಹೆಸರು 'ಪ್ರೊಫೈಲ್'. ಇದನ್ನು ವಿವರಿಸುವಾಗ ನಾನು ತರಗತಿಯಲ್ಲಿ ಹಾಸ್ಟೆಲ್ ಹುಡುಗರ ಟ್ರಂಕಿನ ಉದಾಹರಣೆ ಕೊಡುತ್ತಿದ್ದೆ. ಹುಡುಗ ಯಾವ ಕೋಣೆಗೆ ಹೋದರೂ ಟ್ರಂಕು ಅವನ ಜೊತೆ ಹೋಗುತ್ತದೆ. ಅದರೊಳಗೆ ಅವನ ಬಟ್ಟೆ, ಪುಸ್ತಕ, ಬಾಚಣಿಗೆ. ಪ್ರೊಫೈಲೂ ಹಾಗೆಯೇ. ಬಳಕೆದಾರನ ಡೆಸ್ಕ್‌ಟಾಪ್, ಅವನ ದಾಖಲೆಗಳು, ಅವನು ಮಾಡಿಕೊಂಡ ಬಣ್ಣ ಮತ್ತು ಜೋಡಣೆಗಳು ಎಲ್ಲವೂ ಅದರಲ್ಲಿವೆ. ನಮ್ಮಲ್ಲಿದ್ದದ್ದು ಸಂಚಾರಿ ಪ್ರೊಫೈಲ್. ಅಂದರೆ ಟ್ರಂಕು ಸರ್ವರಿನಲ್ಲಿರುತ್ತದೆ. ಮಗು ಯಾವ ಯಂತ್ರದ ಮುಂದೆ ಕುಳಿತು ಲಾಗಿನ್ ಆದರೂ ಅದು ತಂತಿಯ ಮೂಲಕ ಅಲ್ಲಿಗೆ ಬರುತ್ತದೆ. ಲಾಗಾಫ್ ಆಗುವಾಗ ಬದಲಾದದ್ದೆಲ್ಲ ಸರ್ವರಿಗೆ ಹಿಂದಿರುಗುತ್ತದೆ.

ಸೊಗಸಾದ ವ್ಯವಸ್ಥೆ. ತೊಂದರೆಯೆಂದರೆ, ಟ್ರಂಕನ್ನು ಹೊರುವ ಕೂಲಿಯ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಗಣಿತದ ಮೇಷ್ಟ್ರಾದ್ದರಿಂದ ಆ ಲೆಕ್ಕವನ್ನೊಮ್ಮೆ ಹಾಕಿಬಿಡೋಣ. ಆಗ ನಮ್ಮ ಯಂತ್ರಗಳನ್ನು ಜೋಡಿಸಿದ್ದು ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಹಳೆಯ ಹಬ್ಬು. ಎಂಟು ಬಿಟ್ಟಿಗೆ ಒಂದು ಬೈಟ್. ಆದ್ದರಿಂದ ಅದರ ಪೂರ್ಣ ಶಕ್ತಿ ಸೆಕೆಂಡಿಗೆ 1.25 ಎಂ.ಬಿ.; ಅದನ್ನೂ ಇಪ್ಪತ್ತು ಯಂತ್ರಗಳು ಹಂಚಿಕೊಳ್ಳಬೇಕು. ಒಂದೊಂದು ಮಗುವಿನ ಟ್ರಂಕು 80 ಎಂ.ಬಿ. ಇದೆಯೆನ್ನಿ. ಇಪ್ಪತ್ತು ಮಕ್ಕಳದು 1,600 ಎಂ.ಬಿ. ಅದು ಪೂರ್ತಿ ಬಂದು ಸೇರಲು 1,280 ಸೆಕೆಂಡು, ಅಂದರೆ 21 ನಿಮಿಷಕ್ಕೂ ಹೆಚ್ಚು. ಇದು ಕಾಗದದ ಮೇಲಿನ ಲೆಕ್ಕ. ವಾಸ್ತವದಲ್ಲಿ ಇನ್ನೂ ನಿಧಾನ. ನಮ್ಮ ಪಿರಿಯಡ್ಡು 40 ನಿಮಿಷದ್ದು. ಅರ್ಧ ಪಿರಿಯಡ್ಡು ಮಕ್ಕಳು ಕೈಕಟ್ಟಿಕೊಂಡು ನೀಲಿ ಪರದೆಯನ್ನು ನೋಡುತ್ತ ಕುಳಿತಿರುತ್ತಿದ್ದರು. ಹಿಂದಿನ ಸಲ ಕುಳಿತ ಯಂತ್ರದಲ್ಲೇ ಕುಳಿತರೆ ಹಳೆಯ ಪ್ರತಿಯೊಂದು ಅಲ್ಲಿ ಉಳಿದಿರುವುದರಿಂದ ಬೇಗ ಆಗುತ್ತಿತ್ತು. ಆದರೆ ಮಕ್ಕಳು ಬಾಗಿಲು ತೆರೆದೊಡನೆ ಓಡಿಹೋಗಿ ಸಿಕ್ಕ ಕುರ್ಚಿ ಹಿಡಿಯುವವರು!

ಆಗ ಕೊಠಡಿಯನ್ನು ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಒಬ್ಬ ತರುಣರಿದ್ದರು. ಕೆಲಸ ಬಲ್ಲವರು. ಇದನ್ನು ಕಂಡು ಅವರು ಪ್ರೊಫೈಲಿಗೆ ಮಿತಿ ಹಾಕಿದರು. ಸರ್ವರಿನ ಗ್ರೂಪ್ ಪಾಲಿಸಿ ಎಂಬಲ್ಲಿ ಅದಕ್ಕೊಂದು ನಿಯಮವಿದೆ. ಅದನ್ನು ಚಾಲೂ ಮಾಡಿದರೆ ತಾನಾಗಿಯೇ ಬರುವ ಸಂಖ್ಯೆ 30,000 ಕಿಲೋಬೈಟ್, ಅಂದರೆ ಸುಮಾರು 30 ಎಂ.ಬಿ. ಅವರು ಅದನ್ನೇ ಇಟ್ಟರು. ಇಪ್ಪತ್ತು ಮಕ್ಕಳ ಟ್ರಂಕು ಬರುವ ಸಮಯ ಕಾಗದದ ಲೆಕ್ಕದಲ್ಲಿ 21 ನಿಮಿಷದಿಂದ 8 ನಿಮಿಷಕ್ಕೆ ಇಳಿಯಿತು. ಸಿಬ್ಬಂದಿ ಕೊಠಡಿಯಲ್ಲಿ ಕೆಲವರು "ಮಕ್ಕಳಿಗೆ ಕೊಟ್ಟದ್ದನ್ನು ಕಿತ್ತುಕೊಂಡರು" ಎಂದು ಗೊಣಗಿದರು. ನನಗೆ ಹಾಗೆ ಅನ್ನಿಸಲಿಲ್ಲ. ಮಿತಿಯೆಂದರೆ ಜಿಪುಣತನವೆಂದು ತಿಳಿಯುವುದು ಸುಲಭ. ಇಲ್ಲಿ ಒಬ್ಬ ಹುಡುಗ ಸಿನಿಮಾ ಹಾಡುಗಳನ್ನು ತುಂಬಿಕೊಂಡ ತಪ್ಪಿಗೆ ಉಳಿದ ಹತ್ತೊಂಬತ್ತು ಮಕ್ಕಳ ಸಮಯ ಹೋಗುತ್ತಿತ್ತು. ತಂತಿ ಎಲ್ಲರದೂ. ಎಲ್ಲರದಾದ ವಸ್ತುವಿಗೆ ಅಳತೆ ಬೇಕೇ ಬೇಕು. ತೂಬಿನ ನೀರನ್ನು ಸರದಿಯಲ್ಲಿ ಗದ್ದೆಗೆ ಹಾಯಿಸುವ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಜಗಳ ಎಲ್ಲಿ ಹುಟ್ಟಿತು? ಅಳತೆಯಲ್ಲಲ್ಲ, ಅಳತೆ ಮೀರಿದಾಗ ಏನಾಗುತ್ತದೆಂಬಲ್ಲಿ.

ಆಗಿನ ವಿಂಡೋಸಿನಲ್ಲಿ ಆ ನಿಯಮದ ಸ್ವಭಾವ ಹೀಗಿತ್ತು. ಪೆಟ್ಟಿಗೆ ತುಂಬಿದ ಮೇಲೂ ನೀವು ಕೆಲಸ ಮುಂದುವರಿಸಬಹುದಿತ್ತು. ಆದರೆ ಲಾಗಾಫ್ ಆಗಲು ಹೋದಾಗ ಅದು ತಡೆಯುತ್ತಿತ್ತು: ನಿಮ್ಮ ಜಾಗ ಮೀರಿದೆ, ಕೆಲವನ್ನು ಬೇರೆಡೆಗೆ ಸಾಗಿಸಿದ ಹೊರತು ಹೊರಗೆ ಹೋಗುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಸಂದೇಶ ಬರುತ್ತಿತ್ತು. ಒಳಗೆ ಬರುವಾಗ ಸುಮ್ಮನಿದ್ದ ಕಾವಲುಗಾರ ಬಾಗಿಲಲ್ಲಿ ಹಿಂದಿರುಗುವವನ ಜೇಬು ತಡಕಿದ ಹಾಗೆ. ಕಚೇರಿಯ ಗುಮಾಸ್ತೆಗೆ ಅದು ಕಿರಿಕಿರಿ, ಅಷ್ಟೆ. ಗಂಟೆ ಬಾರಿಸಿದೆ, ಮುಂದಿನ ತರಗತಿಯ ಮಕ್ಕಳು ಬಾಗಿಲಲ್ಲಿ ನಿಂತಿದ್ದಾರೆ, ಹಳ್ಳಿಯ ಬಸ್ಸು ನಾಲ್ಕೂವರೆಗೆ ಹೊರಡುತ್ತದೆ ಎನ್ನುವ ಹದಿನಾಲ್ಕು ವರ್ಷದ ಮಗುವಿಗೆ ಅದು ಗಾಬರಿ. ಗಾಬರಿಯಲ್ಲಿ ಮಗು ಕಣ್ಣಿಗೆ ಮೊದಲು ಕಂಡದ್ದನ್ನು ಅಳಿಸುತ್ತದೆ. ಸಾಲದ್ದಕ್ಕೆ ಗೋಡೆಯ ಮೇಲೊಂದು ಸೂಚನಾ ಹಾಳೆ ಅಂಟಿಸಲಾಗಿತ್ತು: ಹೊರಡುವ ಮುನ್ನ ರಿಸೈಕಲ್ ಬಿನ್ ಖಾಲಿ ಮಾಡತಕ್ಕದ್ದು.

2006ರ ಮಳೆಗಾಲ ಮುಗಿಯುವ ಹೊತ್ತಿಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದಳು. ಈಗ ಆಕೆ ಈ ಪುಟವನ್ನು ಓದುವವಳೇ. ಬರೆಯಲು ಒಪ್ಪಿಗೆ ಕೇಳಿದಾಗ, "ಬರೀರಿ ಸರ್, ಹೆಸರು ಮಾತ್ರ ಬೇಡ" ಎಂದಳು. ಹಾಗಾಗಿ ಹೆಸರಿಲ್ಲ. ಅವಳು ಆಗ ತನ್ನ ಅಜ್ಜಿಯ ಬಾಯಿಂದ ಸೋಬಾನೆ ಪದಗಳನ್ನು ಕೇಳಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಬಂದು 'ನುಡಿ'ಯಲ್ಲಿ ಕೀಲಿಸುತ್ತಿದ್ದಳು. ಎರಡು ತಿಂಗಳಲ್ಲಿ ಇಪ್ಪತ್ತಮೂರು ಪದಗಳಾಗಿದ್ದವು. ಅದೇ ಹುಡುಗಿ ತರಗತಿಯ ಮಾನಿಟರ್ ಆಗಿದ್ದುದರಿಂದ ಶಾಲಾ ವಾರ್ಷಿಕೋತ್ಸವಕ್ಕೆಂದು ಗೆಳತಿಯರು 'ಪೇಂಟ್'ನಲ್ಲಿ ಬರೆದ ಹದಿನೆಂಟು ಚಿತ್ರಗಳನ್ನೂ ತನ್ನ ಡೆಸ್ಕ್‌ಟಾಪಿನಲ್ಲಿ ಕಾಪಾಡಿಕೊಂಡಿದ್ದಳು. ಒಂದು ಸಂಜೆ ಗಂಟೆ ಬಾರಿಸಿತು, ಸಂದೇಶ ಬಂತು, ಅವಳು ಪದಗಳ ಕಡತವನ್ನು ಅಳಿಸಿದಳು. ಸಂದೇಶ ಹೋಗಲಿಲ್ಲ. ತನ್ನ ವಿಜ್ಞಾನದ ಟಿಪ್ಪಣಿ ಅಳಿಸಿದಳು. ಆಗಲೂ ಹೋಗಲಿಲ್ಲ. ಕೊನೆಗೆ ತಾನು ಬರೆದಿದ್ದ ಒಂದು ಚಿತ್ರವನ್ನು ಅಳಿಸಿದಳು, ಬಾಗಿಲು ತೆರೆಯಿತು. ಹಾಳೆಯಲ್ಲಿ ಬರೆದಂತೆ ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ ಬಸ್ಸಿಗೆ ಓಡಿದಳು.

"ಪದಗಳನ್ನೇ ಏಕಮ್ಮಾ ಮೊದಲು ಅಳಿಸಿದೆ?" ಎಂದು ಕೇಳಿದೆ.

"ಚಿತ್ರಗಳು ಬೇರೆಯವರವು ಸರ್. ಪದ ನನ್ನದೇ ಅಲ್ವಾ, ಮತ್ತೆ ಬರೆದ್ರಾಯ್ತು ಅಂದ್ಕೊಂಡೆ."

ಕೀಲಿಸಿದ ಮೇಲೆ ಕೈಬರಹದ ಹಾಳೆಗಳು ಒಲೆಗೆ ಹೋಗಿದ್ದವು. ಅವಳು ಅಜ್ಜಿಯ ಬಳಿ ಮತ್ತೆ ಕುಳಿತಳು. ಅಜ್ಜಿ ಹೇಳಿದ ಮಾತನ್ನು ಅವಳೇ ನನಗೆ ತಂದು ಒಪ್ಪಿಸಿದಳು: "ಆವತ್ತು ನಾಟಿ ಮುಗ್ಸಿ ಕೂತಿದ್ದೆ, ತಾನಾಗೇ ಬಂತು. ಈಗ ಬಾ ಅಂದ್ರೆ ಬರುತ್ತಾ ಮಗಾ?" ಹದಿನಾಲ್ಕು ಪದಗಳು ಮರಳಿ ಸಿಕ್ಕವು. ಒಂಬತ್ತು ಸಿಗಲಿಲ್ಲ.

ಈ ಪ್ರಸಂಗದ ನಂತರ ನಾನು ಮಾಡಿದ ಮೊದಲ ಕೆಲಸ ಕೋಪ ಮಾಡಿಕೊಳ್ಳುವುದಲ್ಲ, ತೂಕ ಮಾಡುವುದು. ಪೇಂಟ್‌ನಲ್ಲಿ 800 ಅಡ್ಡ, 600 ಉದ್ದ ಚುಕ್ಕಿಗಳ ಚಿತ್ರವನ್ನು ಬಿಟ್‌ಮ್ಯಾಪ್ ಆಗಿ ಉಳಿಸಿದರೆ ಒಂದೊಂದು ಚುಕ್ಕಿಗೆ ಮೂರು ಬೈಟ್. ಗುಣಿಸಿದರೆ 14,40,000 ಬೈಟ್. ಬಿಳಿಯ ಹಾಳೆಯ ಮೇಲೆ ಒಂದೇ ಗೆರೆ ಎಳೆದರೂ ಅಷ್ಟೇ ತೂಕ, ಇಡೀ ಹಾಳೆಗೆ ಬಣ್ಣ ತುಂಬಿದರೂ ಅಷ್ಟೇ. ಹದಿನೆಂಟು ಚಿತ್ರಗಳಿಗೆ 2 ಕೋಟಿ 59 ಲಕ್ಷ ಬೈಟ್. ಪೆಟ್ಟಿಗೆಯ ಒಟ್ಟು ಅಳತೆ ಸುಮಾರು 3 ಕೋಟಿ 7 ಲಕ್ಷ. ಇನ್ನು ಅವಳ ಇಪ್ಪತ್ತಮೂರು ಪದಗಳ ಕಡತ? ಒಂದು ಲಕ್ಷ ಬೈಟನ್ನೂ ಮುಟ್ಟಿರಲಿಲ್ಲ. ಅದನ್ನು ಅಳಿಸಿದ್ದರಿಂದ ಏನೂ ಹಗುರವಾಗಲಿಲ್ಲ. ಒಂದೇ ಒಂದು ಚಿತ್ರವನ್ನು ಜೆಪೆಗ್ ರೂಪಕ್ಕೆ ಬದಲಿಸಿದ್ದರೆ ಚಿತ್ರವೂ ಉಳಿಯುತ್ತಿತ್ತು, ಪದಗಳೂ ಉಳಿಯುತ್ತಿದ್ದವು.

ಈಗಿನ ಯೂನಿಕೋಡ್ ಕನ್ನಡದಲ್ಲಿ ಸಾಮಾನ್ಯವಾಗಿ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಆ ಲೆಕ್ಕದಲ್ಲೂ ಒಂದು ಪೇಂಟ್ ಚಿತ್ರದ ಜಾಗದಲ್ಲಿ 4,80,000 ಕನ್ನಡ ಸಂಕೇತಗಳು ಹಿಡಿಯುತ್ತವೆ. ಅದು ಒಂದು ಕಾದಂಬರಿಯ ಅಳತೆ. ಮನುಷ್ಯರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಮಾತು ಕಂಪ್ಯೂಟರಿಗೆ ಬಹಳ ಹಗುರ. ಕಂಪ್ಯೂಟರಿಗೆ ತೂಕ ಗೊತ್ತು, ಬೆಲೆ ಗೊತ್ತಿಲ್ಲ. ಅದು ಕಂಪ್ಯೂಟರಿನ ದೋಷವೂ ಅಲ್ಲ. ಬೆಲೆಯನ್ನು ತಿಳಿದುಕೊಳ್ಳುವ ಕೆಲಸವನ್ನು ನಾವು ಅದಕ್ಕೆ ವಹಿಸಿಲ್ಲ. ಆದರೆ ಆ ಕೆಲಸವನ್ನು ಬಸ್ಸಿಗೆ ಹೊರಟ ಮಗುವಿನ ತಲೆಗೂ ಹೊರಿಸಬಾರದು. ಮಿತಿ ಹಾಕುವವನ ಜವಾಬ್ದಾರಿ ಸಂಖ್ಯೆಯನ್ನು ತುಂಬುವಲ್ಲಿಗೆ ಮುಗಿಯುವುದಿಲ್ಲವೆಂದು ನನಗೆ ಮನವರಿಕೆಯಾದದ್ದು ಆಗ.

ಮುಂದಿನ ವರ್ಷ ಆ ತರುಣರು ಬೇರೆ ಊರಿನ ನೌಕರಿಗೆ ಹೋದರು. ಉಸ್ತುವಾರಿ ನನಗೆ ಬಂತು. ಹೋಗುವ ಮುನ್ನ ಅವರೇ ನನ್ನ ಪಕ್ಕ ಕುಳಿತು ನಾಲ್ಕು ಭಾನುವಾರ ಎಲ್ಲವನ್ನೂ ಹೇಳಿಕೊಟ್ಟರು. ಆ ಋಣ ದೊಡ್ಡದು. ಇಬ್ಬರೂ ಸೇರಿ ಮಾಡಿದ ಬದಲಾವಣೆಗಳು ಇವು.

ಮೊದಲನೆಯದಾಗಿ, ಟ್ರಂಕನ್ನೇ ಹಗುರ ಮಾಡಿದೆವು. ಮಕ್ಕಳ ದಾಖಲೆಗಳನ್ನೂ ಡೆಸ್ಕ್‌ಟಾಪನ್ನೂ ಪ್ರೊಫೈಲಿನಿಂದ ಬೇರ್ಪಡಿಸಿ ಸರ್ವರಿನ ಒಂದು ಫೋಲ್ಡರಿಗೆ ತಿರುಗಿಸಿದೆವು. ಇದಕ್ಕೆ ಫೋಲ್ಡರ್ ರೀಡೈರೆಕ್ಷನ್ ಎನ್ನುತ್ತಾರೆ. ಮಗುವಿನ ಕಣ್ಣಿಗೆ ಎಲ್ಲವೂ ಮೊದಲಿದ್ದಲ್ಲೇ ಕಾಣುತ್ತದೆ. ಆದರೆ ಆ ಕಡತಗಳು ಯಂತ್ರದಿಂದ ಯಂತ್ರಕ್ಕೆ ಪ್ರಯಾಣ ಮಾಡುವುದಿಲ್ಲ, ತೆರೆದ ಕಡತ ಮಾತ್ರ ತಂತಿಯಲ್ಲಿ ಬರುತ್ತದೆ. ಪುಸ್ತಕಗಳನ್ನೆಲ್ಲ ಟ್ರಂಕಿನಲ್ಲಿ ಹೊತ್ತು ತಿರುಗುವ ಬದಲು ಗ್ರಂಥಾಲಯದ ಕಪಾಟಿನಲ್ಲಿಟ್ಟು, ಬೇಕಾದದ್ದನ್ನು ತೆಗೆದು ಓದಿದಂತೆ. ಉಳಿದ ಪ್ರೊಫೈಲಿಗೆ 10 ಎಂ.ಬಿ. ಮಿತಿ ಸಾಕಾಯಿತು. ಹಬ್ಬಿನ ಜಾಗಕ್ಕೆ 100 ಮೆಗಾಬಿಟ್ಟಿನ ಸ್ವಿಚ್ಚೂ ಬಂತು.

ಎರಡನೆಯದು ಕಪಾಟಿನ ಪಾಲು. 40 ಜಿ.ಬಿ.ಯ ಡಿಸ್ಕಿನಲ್ಲಿ ಮಕ್ಕಳಿಗೆಂದು ತೆಗೆದಿಡಬಹುದಾದದ್ದು 25 ಜಿ.ಬಿ. ಹತ್ತನೆಯ ತರಗತಿಗೆ ಹೆಚ್ಚು ಕೊಡಿ ಎಂದರು ಕೆಲವರು. ಹೆಚ್ಚು ಅಂಕ ಪಡೆದವರಿಗೆ ಹೆಚ್ಚು ಕೊಟ್ಟರೆ ಪ್ರೋತ್ಸಾಹ ಎಂದರು ಇನ್ನೊಬ್ಬರು. ನಾನು ಒಪ್ಪಲಿಲ್ಲ. ಎಲ್ಲರಿಗೂ 60 ಎಂ.ಬಿ. 360 ಮಕ್ಕಳೂ ತಮ್ಮ ಪಾಲನ್ನು ಪೂರ್ತಿ ತುಂಬಿದರೂ 21.6 ಜಿ.ಬಿ.; ಇನ್ನೂ ಮೂರು ಜಿ.ಬಿ.ಗೂ ಹೆಚ್ಚು ಕೈಯಲ್ಲಿರುತ್ತದೆ. ಆ ಉಳಿಕೆಯೇ ನಮ್ಮ ಕಣಜ. ನಿಜವಾದ ಅಗತ್ಯವಿದ್ದ ಮಗುವಿಗೆ, ಕಾರಣ ಬರೆದುಕೊಟ್ಟರೆ, ಅದರಿಂದ ಒಂದು ಅವಧಿಗೆ ಹೆಚ್ಚು ಕೊಡುತ್ತಿದ್ದೆ. ಸಮಾನ ಪಾಲು, ಮೇಲೆ ಅಗತ್ಯಕ್ಕೊಂದು ಕಣಜ: ಈ ಎರಡೂ ಒಟ್ಟಿಗಿರದಿದ್ದರೆ ಯಾವ ಹಂಚಿಕೆಯೂ ನ್ಯಾಯವಾಗುವುದಿಲ್ಲ.

ಮೂರನೆಯದು ಎಚ್ಚರಿಕೆ. ಡಿಸ್ಕಿನ ಪಾಲು ಮಾಡುವಾಗ ವಿಂಡೋಸ್ ಎರಡು ಸಂಖ್ಯೆಗಳನ್ನು ಕೇಳುತ್ತದೆ: ಮಿತಿ ಎಷ್ಟು, ಎಚ್ಚರಿಕೆ ಯಾವಾಗ. ನಾವು ಎಚ್ಚರಿಕೆಯನ್ನು 45 ಎಂ.ಬಿ.ಗೆ ಇಟ್ಟೆವು. ಸ್ವಾರಸ್ಯವೆಂದರೆ ಆ ಎಚ್ಚರಿಕೆ ಬಳಕೆದಾರನಿಗೆ ಕಾಣಿಸುವುದೇ ಇಲ್ಲ! ಸರ್ವರಿನ ದಿನಚರಿಯಲ್ಲಿ ಒಂದು ಸಾಲಾಗಿ ಬರೆದುಕೊಳ್ಳುತ್ತದೆ, ಅಷ್ಟೆ. ಅದನ್ನು ಓದಿ ಮಗುವಿಗೆ ತಿಳಿಸಬೇಕಾದವರು ಮನುಷ್ಯರು. ಪ್ರತಿ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಆ ಪಟ್ಟಿ ನೋಡಿ, 45 ದಾಟಿದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಕಡತಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ, ದೊಡ್ಡದರಿಂದ ಆರಂಭಿಸಿ ಒಂದೊಂದಕ್ಕೂ ಕೇಳುತ್ತಿದ್ದೆ: ಇದು ಹೋದರೆ ಮತ್ತೆ ಸಿಗುತ್ತದೆಯೇ? ಸಿನಿಮಾ ಹಾಡು ಮತ್ತೆ ಸಿಗುತ್ತದೆ. ಪ್ರವಾಸದ ಫೋಟೋ ಸಿಗುವುದಿಲ್ಲ, ಆದರೆ ಚಿಕ್ಕದು ಮಾಡಬಹುದು. ತಾನೇ ಬರೆದ ಕಥೆ ಸಿಗುವುದಿಲ್ಲ, ಅದಕ್ಕೆ ಜಾಗವೂ ಹೆಚ್ಚು ಬೇಡ. ನಿಮ್ಮಲ್ಲಿ ಎಷ್ಟೋ ಮಂದಿ ಹಾಗೆ ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತವರು. ಅದನ್ನು ಶಿಕ್ಷೆಯೆಂದು ತಿಳಿದು ಅತ್ತವರೂ ಇದ್ದರು, ನೆನಪಿದೆಯೇ?

ನಾಲ್ಕನೆಯದು ಸಂದೇಶ. ಪ್ರೊಫೈಲ್ ಮಿತಿಯ ನಿಯಮದಲ್ಲಿ ಆ ಇಂಗ್ಲಿಷ್ ಸಂದೇಶವನ್ನು ತೆಗೆದು ನಮ್ಮದೇ ಮಾತು ಬರೆಯಲು ಅವಕಾಶವಿತ್ತು. ಕನ್ನಡ ಲಿಪಿ ಎಲ್ಲ ಯಂತ್ರಗಳಲ್ಲೂ ಸರಿಯಾಗಿ ಮೂಡೀತೆಂಬ ಭರವಸೆ ಆಗ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆವು: "ನಿನ್ನ ಪೆಟ್ಟಿಗೆ ತುಂಬಿದೆ. ಏನನ್ನೂ ಅಳಿಸಬೇಡ. ಮೇಷ್ಟ್ರನ್ನು ಕರೆ." ಗೋಡೆಯ ಹಾಳೆಯನ್ನು ಕಿತ್ತೆವು. ಸರ್ವರ್ 2003ರಲ್ಲಿ ಹಂಚಿಕೆಯ ಫೋಲ್ಡರುಗಳ ಹಿಂದಿನ ಸ್ಥಿತಿಯನ್ನು ದಿನಕ್ಕೆ ಎರಡು ಬಾರಿ ನೆನಪಿಟ್ಟುಕೊಳ್ಳುವ ನೆರಳು ಪ್ರತಿಯ ಸೌಲಭ್ಯವಿತ್ತು. ಅದನ್ನೂ ಚಾಲೂ ಮಾಡಿದೆವು. ಆ ಮೇಲೆ ಅಳಿಸಿಹೋದ ಕಡತವನ್ನು ಹಿಂದಿನ ದಿನದ ಪ್ರತಿಯಿಂದ ತೆಗೆದುಕೊಟ್ಟದ್ದು ಎಷ್ಟು ಸಲವೋ.

ಯುನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಈ ವಿಚಾರವನ್ನು ಬಹಳ ಹಿಂದೆಯೇ ಮಾಡಿದ್ದರೆಂದು ಆಮೇಲೆ ಓದಿ ತಿಳಿದೆ. 1983ರ ಬರ್ಕ್ಲಿ ಯುನಿಕ್ಸ್‌ನಲ್ಲೇ ಮೃದು ಮಿತಿ, ಕಠಿಣ ಮಿತಿ ಎಂಬ ಎರಡು ಗೆರೆಗಳಿದ್ದವು. ಮೃದು ಮಿತಿಯನ್ನು ದಾಟಬಹುದು, ಆದರೆ ಒಂದು ವಾಯಿದೆಯೊಳಗೆ ಹಿಂದಕ್ಕೆ ಬರಬೇಕು. ಲಿನಕ್ಸಿನಲ್ಲಿ ಆ ವಾಯಿದೆ ಸಾಮಾನ್ಯವಾಗಿ ಏಳು ದಿನ. ಕಠಿಣ ಮಿತಿಯನ್ನು ಮಾತ್ರ ಯಾರೂ ದಾಟುವಂತಿಲ್ಲ. ಕಂದಾಯ ಕಟ್ಟಲು ಕೊಡುವ ವಾಯಿದೆಯ ಹಾಗೆ, ತಪ್ಪು ಮಾಡಿದವನಿಗೆ ಯೋಚಿಸಲು ಒಂದು ವಾರ. ಮಿತಿಯಲ್ಲಿ ಮನುಷ್ಯತ್ವ ಇರುವುದು ಸಂಖ್ಯೆಯಲ್ಲಲ್ಲ, ಈ ಒಂದು ವಾರದಲ್ಲಿ.

ನಾನು 2018ರಲ್ಲಿ ನಿವೃತ್ತನಾಗುವ ಹೊತ್ತಿಗೆ ಆ ಯಂತ್ರಗಳೆಲ್ಲ ಗುಜರಿಗೆ ಹೋಗಿದ್ದವು. ಇನ್ನು ಜಾಗದ ಚಿಂತೆ ಮುಗಿಯಿತೆಂದು ಆಗ ಎಲ್ಲರೂ ಹೇಳುತ್ತಿದ್ದರು. ಮುಗಿಯಲಿಲ್ಲ. ಗೂಗಲ್ ಖಾತೆಯಲ್ಲಿ ಹಣ ಕೊಡದೆ ಸಿಗುವ 15 ಜಿ.ಬಿ.ಯೊಳಗೆ ಹೊಸದಾಗಿ ಸೇರಿಸುವ ಫೋಟೋಗಳೂ ಎಣಿಕೆಯಾಗತೊಡಗಿದ್ದು 2021ರ ಜೂನ್ 1ರಿಂದ. ಶಾಲೆ ಕಾಲೇಜುಗಳಿಗೆ ಅಪರಿಮಿತ ಜಾಗ ಕೊಡುತ್ತಿದ್ದ ಅದೇ ಕಂಪನಿ 2022ರಿಂದ ಇಡೀ ಸಂಸ್ಥೆಗೆ ಒಟ್ಟು 100 ಟಿ.ಬಿ. ಎಂಬ ಮೂಲ ಪಾಲನ್ನು ಗೊತ್ತುಮಾಡಿತು. ಅದನ್ನು ಸಾವಿರಾರು ವಿದ್ಯಾರ್ಥಿಗಳಿಗೆ ಹೇಗೆ ಹಂಚುವುದೆಂಬುದು ಆಯಾ ಸಂಸ್ಥೆಯ ತಲೆನೋವು. ನಮ್ಮ 25 ಜಿ.ಬಿ.ಯ ಲೆಕ್ಕವೇ, ಸೊನ್ನೆಗಳು ಹೆಚ್ಚು.

ಪ್ರಶ್ನೆ ಕೇಳಿದವನಿಗೂ ಅವನಂತಹ ಕೆಲಸದಲ್ಲಿರುವ ಉಳಿದವರಿಗೂ ನಾನು ಹೇಳಬಹುದಾದದ್ದು ಇಷ್ಟು. ಮಿತಿ ಹಾಕಿ, ಅಂಜಬೇಡಿ. ಆದರೆ ಯಾವ ಕೊರತೆಗಾಗಿ ಹಾಕುತ್ತಿದ್ದೀರೆಂದು ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಡಿಸ್ಕಿನ ಕೊರತೆ ಇರಲಿಲ್ಲ, ತಂತಿಯ ಮೇಲಿನ ಸಮಯದ ಕೊರತೆ ಇತ್ತು. ತಾನಾಗಿ ಬರುವ ಸಂಖ್ಯೆಯನ್ನು ಹಾಗೆಯೇ ಒಪ್ಪಬೇಡಿ. ಅದನ್ನು ಬರೆದವರು ನಿಮ್ಮ ಜನರನ್ನು ಕಂಡವರಲ್ಲ. ಮಿತಿ ತಲುಪುವ ಮೊದಲೇ ಮಾತಾಡಿ, ಅವರ ಭಾಷೆಯಲ್ಲಿ ಮಾತಾಡಿ, ಹೊರಡುವ ಹೊತ್ತಿನಲ್ಲಿ ಬಾಗಿಲು ಅಡ್ಡಗಟ್ಟಬೇಡಿ. ಅಳಿಸಿದ್ದನ್ನು ಕೆಲವು ದಿನವಾದರೂ ಹಿಂದಕ್ಕೆ ತರುವ ದಾರಿ ಇರಲಿ.

ಕಂಪ್ಯೂಟರ್ ಜಾಲಕ್ಕೂ ತಮಗೂ ಸಂಬಂಧವಿಲ್ಲವೆಂದು ತಿಳಿದ ನೆಂಟರಿಗೂ ಒಂದು ಮಾತು. ನಿಮ್ಮ ಫೋನು ತುಂಬಿದೆಯೆಂಬ ಸಂದೇಶ ಬಂದಾಗ ಮೊದಲು ಕಂಡದ್ದನ್ನು ಅಳಿಸಬೇಡಿ. ಗಾತ್ರದ ಕ್ರಮದಲ್ಲಿ ಜೋಡಿಸಿ ನೋಡಿ. ಹಬ್ಬದ ಶುಭಾಶಯದ ಒಂದು ನಿಮಿಷದ ವಿಡಿಯೋ ಎಷ್ಟು ಜಾಗ ತಿನ್ನುತ್ತದೆ, ಮನೆಯ ಹಿರಿಯರೊಬ್ಬರ ಒಂದು ನಿಮಿಷದ ಧ್ವನಿ ಎಷ್ಟು ಕಡಿಮೆ ಕೇಳುತ್ತದೆ ಎಂದು ಆಗ ಕಾಣುತ್ತದೆ. ಆ ಧ್ವನಿಯನ್ನು ಒಂದೇ ಕಡೆ ಇಡಬೇಡಿ, ಇನ್ನೊಂದು ಪ್ರತಿ ಮಾಡಿಡಿ. ಪದಗಳನ್ನು ಕೇಳಿ ಬರೆದುಕೊಂಡರೆ ಕಾಗದವನ್ನು ಒಲೆಗೆ ಹಾಕಬೇಡಿ.

ಉಳಿದ ಆ ಹದಿನಾಲ್ಕು ಪದಗಳ ಅಚ್ಚಿನ ಪ್ರತಿ ನನ್ನಲ್ಲೊಂದಿದೆ. ಎಲ್ಲ ಸೇರಿ ಹನ್ನೊಂದು ಪುಟ. ನಮ್ಮ ಸೀಮೆಯ ಹಿರಿಯರಲ್ಲಿ ಯಾರಿಗಾದರೂ ಬೇರೆ ಸೋಬಾನೆ ಪದಗಳು ನೆನಪಿದ್ದರೆ ದಯವಿಟ್ಟು ಬರೆದು ಕಳಿಸಿ. ಜಾಗಕ್ಕೆ ಕೊರತೆಯಿಲ್ಲ.